ಕಿವುಡು ಮೂಲ

ನದಿಮೂಲ ಋಷಿಮೂಲ ಕೇಳಬಾರದಂತೆ.
ವರ್ಗಮೂಲ ಕೇಳಬಹುದೆ?

ಲ್ಯಾಂಕಶೈರಿನ ಬರ್ನ್‌ಲಿಯಲ್ಲಿ, ಅಡುಗೆಮನೆಯ ಮೇಜಿನಿಂದ
ಬ್ರೆಡ್ಡಿನ ಪುಡಿ ಒರೆಸಿ ಪುಸ್ತಕ ಬಿಚ್ಚಿದ್ದಾನೆ ಕೀತ್.
ನಾಳೆ ಪರೀಕ್ಷೆ.
ಎರಡರ ವರ್ಗಮೂಲ:
ಒಂದು, ಚುಕ್ಕಿ, ನಾಲ್ಕು, ಒಂದು, ನಾಲ್ಕು, ಎರಡು…
ಪೆನ್ಸಿಲು ಸವೆಯುತ್ತದೆ, ಸಂಖ್ಯೆ ಸವೆಯುವುದಿಲ್ಲ.

ಏನದು? ಕೇಳುತ್ತಾಳೆ ಅಜ್ಜಿ, ನೆಲ್ಲಿ ಗ್ರಿಮ್‌ಶಾ,
ದನಿಯಿಲ್ಲದೆ, ಬರಿ ತುಟಿಯಲ್ಲಿ,
ತುಟಿಯನ್ನು ರಬ್ಬರಿನಂತೆ ಎಳೆದು.
ಮೂವತ್ತೊಂದು ವರ್ಷ ಗಿರಣಿಯ ಶೆಡ್ಡಿನಲ್ಲಿ
ನಾನೂರು ಮಗ್ಗ ಒಟ್ಟಿಗೆ ಬಡಿಯುವಾಗ
ಹೆಂಗಸರು ಆಡಿಕೊಂಡ ಭಾಷೆ ಅದು.
ಯಾರು ಬಸಿರು, ಯಾರ ಗಂಡ ಕುಡಿದು ಬಿದ್ದ,
ಎಲ್ಲ ತುಟಿಯಿಂದ ಕಣ್ಣಿಗೆ,
ಲಾಳಿ ಹೋಗಿ ಬರುವಷ್ಟರಲ್ಲಿ.
ಕೊನೆಗೊಂದು ದಿನ ಗಿರಣಿ ಮುಚ್ಚಿತು.
ಕಿವಿ ಅದಕ್ಕೂ ಮೊದಲೇ ಮುಚ್ಚಿತ್ತು.

ಸರ್ಡ್, ಎನ್ನುತ್ತಾನೆ ಕೀತ್, ಬಾಯಿ ಅಗಲಿಸಿ.
ಅವಳಿಗೆ ಕಂಡದ್ದು ಬೇರೆ:
ಶರ್ಟಿಗೇನಾಯಿತು? ಮೊನ್ನೆ ತಾನೆ ಗುಂಡಿ ಹೊಲಿದೆನಲ್ಲ.

ಬರೆದು ತೋರಿಸಿದ. ನಿಘಂಟು ಇಳಿಸಿದಳು,
ಗಂಡ ಹೋದ ಮೇಲೆ ಪದಬಂಧಕ್ಕೆಂದು ಕೊಂಡದ್ದು,
ಬೆನ್ನು ಮುರಿದದ್ದು.
ನೂಲಿನ ತುದಿ ಹಿಡಿದ ಬೆರಳು ಹಿಂದಕ್ಕೆ ನಡೆಯಿತು.
ಇಂಗ್ಲಿಷಿನ ಹಿಂದೆ ಲ್ಯಾಟಿನ್ನಿನ ಸರ್ಡಸ್,
ಅದರ ಹಿಂದೆ ಅರಬ್ಬಿಯ ಅಸಮ್ಮ್,
ಅದಕ್ಕೂ ಹಿಂದೆ ಗ್ರೀಕರ ಅಲೊಗೊಸ್:
ಅಳತೆಗೆ ಒಗ್ಗದ್ದು ಎಂದೂ ಅರ್ಥ,
ಮಾತಿಲ್ಲದ್ದು ಎಂದೂ ಅರ್ಥ.

ಬಾಗ್ದಾದಿನಲ್ಲಿ ಯಾವನೋ ಒಬ್ಬ ಅನುವಾದಕ,
ದೀಪದ ಎಣ್ಣೆ ತೀರುವ ಹೊತ್ತು,
ಎರಡರಲ್ಲೊಂದು ಅರ್ಥ ಹಿಡಿಯಬೇಕಿತ್ತು.
ಮಾತಿಲ್ಲದ್ದನ್ನು ಹಿಡಿದಿರಬೇಕು.
ಮಾತಿಲ್ಲದವನಿಗೆ ಕಿವಿಯೂ ಇಲ್ಲವೆಂದುಕೊಂಡನೋ,
ಓಣಿಯಲ್ಲಿ ಅಂಥ ಹುಡುಗನೊಬ್ಬ ಆಡುತ್ತಿದ್ದನೋ.
ಟೊಲೆಡೊದಲ್ಲಿ ಇನ್ನೊಬ್ಬ ಕಿವುಡನ್ನು ಕಿವುಡೆಂದೇ ಇಳಿಸಿಕೊಂಡ.
ಹೀಗೆ ಕಡಲು ದಾಟಿತು ಸಂಖ್ಯೆ,
ಒಬ್ಬರೂ ಅದರ ಕಿವಿಯ ಬಳಿ ಚಿಟಿಕೆ ಹೊಡೆದು ನೋಡದೆ.

ಕಿವುಡು ಎಂಬಲ್ಲಿಗೆ ಬಂದು ನಿಂತಿತು ಬೆರಳು.
ನೆಲ್ಲಿ ನಕ್ಕಳು. ನಗುವಿಗೆ ಮಾತ್ರ ಅವಳಲ್ಲಿ ದನಿಯುಂಟು,
ಅವಳೊಬ್ಬಳು ಬಿಟ್ಟು ಓಣಿಗೆಲ್ಲ ಕೇಳುವಂಥದು.
ಓ, ನಮ್ಮ ಪೈಕಿಯೇ!

ತಲೆಯ ಸ್ಕಾರ್ಫು ಬಿಚ್ಚಿ ಹರಡಿದಳು ಮೇಜಿನ ಮೇಲೆ.
ಸರಿಯಾಗಿ ಒಂದು ಗಜದ ಚೌಕ. ತಾನೇ ನೇಯ್ದದ್ದು.
ಮೂಲೆಯಿಂದ ಮೂಲೆಗೆ ಎಷ್ಟು, ಹೇಳು.
ಒಂದೂವರೆಗೆ ಮೂರಿಂಚು ಕಡಿಮೆ.
ಅಷ್ಟೇನಾ?
ಮೇಲೊಂದು ನೂಲು. ಆ ನೂಲಿನಲ್ಲೊಂದು ಪಾಲು.
ಆ ಪಾಲಿನಲ್ಲಿ…
ಅದು ಹೇಳಿಕೊಳ್ಳುವುದಿಲ್ಲ, ಬಿಡು, ಎಂದಳು ನೆಲ್ಲಿ.

ಅವಳಿಗೆ ನನ್ನ ಭಾಷೆ ಬಾರದು. ಬಂದಿದ್ದರೆ ಹೇಳುತ್ತಿದ್ದೆ:
ಈ ಗೆರೆಗೆ ನಮ್ಮ ಶಾಲೆಯ ಕರಿಹಲಗೆಯಲ್ಲಿ ಕರ್ಣ ಎಂದು ಹೆಸರು.
ಕರ್ಣವೆಂದರೆ ಕಿವಿ, ತಾಯಿ.
ನಿನ್ನ ಚೌಕದ ಕಿವಿಯ ಉದ್ದವೇ ಕಿವುಡು.
ಯಾರೂ ಕೂತು ಹೂಡಿದ ತಮಾಷೆಯಲ್ಲ ಇದು.
ಒಬ್ಬರನ್ನೊಬ್ಬರು ಕಾಣದವರು
ತಂತಮ್ಮ ಊರಿನ ಕತ್ತಲಲ್ಲಿ ಹಾಕಿದ ಗಂಟು.
ಇನ್ನು ಆ ಸಂಖ್ಯೆಗೆ ನಾವು ಕರಣಿ ಎಂದೆವು.
ಕಿವಿಯ ಸುದ್ದಿಗೇ ಹೋಗಲಿಲ್ಲ.
ಕರಣಿ: ಮಾಡುವವಳು.

ಸ್ಕಾರ್ಫನ್ನು ಕರ್ಣದ ಮೇಲೆ ಮಡಿಸುತ್ತಾಳೆ,
ಮಡಿಕೆ ಎರಡೂ ಕಿವಿ ಮುಚ್ಚುವಂತೆ ಎಳೆದು
ಗಲ್ಲದ ಕೆಳಗೆ ಕಟ್ಟುತ್ತಾಳೆ.
ಹ್ಞೂಂ, ಒಪ್ಪಿಸು.
ಕೀತ್ ತುಟಿಯಲ್ಲೇ ಒಪ್ಪಿಸುತ್ತಾನೆ: ಒಂದು, ಮೂರು, ಐದು,
ಆರು. ಪುಸ್ತಕ ಅವಳ ಕೈಯಲ್ಲಿ.
ಇದು ಮುಗಿಯುವುದಿಲ್ಲ ಅಜ್ಜಿ.
ನನಗೇನು ಗಿರಣಿಗೆ ಹೋಗಬೇಕೇ? ಹೇಳು.

ಒಲೆಯ ಮೇಲೆ ಕೆಟಲು ಕೂಗುತ್ತಿದೆ.
ಇಬ್ಬರಿಗೂ ಕೇಳುತ್ತಿಲ್ಲ.